ಕಾರಿನ ಮ್ಯಾಪ್ ಯಾವ ನೋಟದಲ್ಲಿರಬೇಕು? ಮೈಸೂರು–ಮಂಡ್ಯ ರಸ್ತೆಗಳಿಗೆ ಒಂದು ಹೋಲಿಕೆ

ಕಾರು ಕೊಳ್ಳುವಾಗ ಮೈಲೇಜು, ಬಣ್ಣ, ಸನ್‌ರೂಫು ಅಂತ ಮನೆಮಂದಿಯೆಲ್ಲ ಕೂತು ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಓಡಿಸುವಾಗ ಕಣ್ಣೆದುರಿಗೇ ಇರುವ ಮ್ಯಾಪ್ ಮಾತ್ರ ಶೋರೂಮಿನವರು ಹೇಗೆ ಬಿಟ್ಟಿದ್ದರೋ ಹಾಗೇ ಇರುತ್ತದೆ. ಮಕ್ಕಳು ಸ್ಕ್ರೀನಿನ ಮೇಲೆ ಬೆರಳಾಡಿಸಿ ಏನೋ ಬದಲಾಯಿಸಿದಾಗಲೇ ಗಾಬರಿ. "ಇದ್ಯಾಕೆ ಉಲ್ಟಾ ಹೋಗ್ತಿದೆ?" ಅನ್ನುತ್ತೇವೆ.

ಕಂಪನಿ ಯಾವುದೇ ಇರಲಿ, ಕಾರಿನ ಸ್ಕ್ರೀನಿರಲಿ ಫೋನಿರಲಿ, ಮುಖ್ಯವಾದ ನೋಟಗಳು ಮೂರು. ಉತ್ತರ ದಿಕ್ಕು ಯಾವಾಗಲೂ ಮೇಲಿರುವ ಚಪ್ಪಟೆ ಮ್ಯಾಪ್, ಅಂದರೆ ನಾರ್ತ್ ಅಪ್. ಕಾರು ಯಾವ ಕಡೆ ಹೋಗುತ್ತಿದೆಯೋ ಆ ದಿಕ್ಕೇ ಮೇಲೆ ಬರುವ ಹಾಗೆ ತಿರುಗುತ್ತಾ ಹೋಗುವ ಚಪ್ಪಟೆ ಮ್ಯಾಪ್, ಅಂದರೆ ಹೆಡಿಂಗ್ ಅಪ್. ಅದನ್ನೇ ವಾಲಿಸಿ, ಕಾರಿನ ಹಿಂದೆ ಒಂದಷ್ಟು ಎತ್ತರದಲ್ಲಿ ನಿಂತು ನೋಡಿದ ಹಾಗೆ ತೋರಿಸುವ ತ್ರೀಡಿ. ಇವುಗಳ ಜೊತೆಗೆ ಸ್ಯಾಟಲೈಟ್ ಚಿತ್ರ, ಇಡೀ ದಾರಿಯನ್ನು ಒಟ್ಟಿಗೆ ತೋರಿಸುವ ಓವರ್‌ವ್ಯೂ, ಜಂಕ್ಷನ್ ಹತ್ತಿರ ಬಂದಾಗ ತೆರೆದುಕೊಳ್ಳುವ ದೊಡ್ಡ ಚಿತ್ರ, ಬರೀ ಬಾಣ ಮತ್ತು ದೂರ ತೋರಿಸುವ ನೋಟ ಕೂಡ ಇವೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಒಳಗೆ ಹೆಡಿಂಗ್ ಅಪ್ ಟೂಡಿ, ಅಂದರೆ ತಿರುಗುವ ಚಪ್ಪಟೆ ಮ್ಯಾಪ್. ಎಕ್ಸ್‌ಪ್ರೆಸ್‌ವೇ ಮೇಲೆ ತ್ರೀಡಿ. ನಾರ್ತ್ ಅಪ್ ಪಕ್ಕದ ಸೀಟಿನವರಿಗೆ. ಸ್ಯಾಟಲೈಟ್ ಮನೆಯಲ್ಲಿ, ಹೊರಡುವ ಮುಂಚೆ. ನಿಮ್ಮ ಸ್ಕ್ರೀನಿನ ಆಕಾರ ಬೇರೆ, ನೀವು ಓಡಾಡುವ ದಾರಿ ಬೇರೆ ಆದರೆ ಇದು ಬದಲಾಗಬಹುದು. ಹಾಗಾಗಿ ಯಾಕೆ ಅನ್ನುವುದನ್ನೂ ನೋಡೋಣ.

ಉತ್ತರ ಮೇಲಿದ್ದರೆ

ನನ್ನ ಮಾವನವರು ಮೈಸೂರಿನವರು. ಅವರಿಗೆ ದಿಕ್ಕು ಅಂದರೆ ಬೆಟ್ಟ. ಚಾಮುಂಡಿ ಬೆಟ್ಟ ಯಾವ ಕಡೆ ಕಾಣುತ್ತದೆ ಅಂತ ನೋಡಿಕೊಂಡೇ ಊರಿನ ಯಾವ ಮೂಲೆಯಿಂದ ಬೇಕಾದರೂ ಮನೆಗೆ ಬರುತ್ತಾರೆ. ಒಮ್ಮೆ ನಂಜನಗೂಡಿಗೆ ಹೋಗುವಾಗ ಪಕ್ಕದಲ್ಲಿ ಕೂತು ಸ್ಕ್ರೀನನ್ನೇ ನೋಡುತ್ತಿದ್ದರು. ನಾರ್ತ್ ಅಪ್ ಇತ್ತು. ಸ್ವಲ್ಪ ಹೊತ್ತಾದ ಮೇಲೆ, "ಅಲ್ರೀ, ಕಿಟಕೀಲಿ ಬೆಟ್ಟ ಎಡಗಡೆ ಕಾಣ್ತಾ ಇದೆ. ನಿಮ್ಮ ಮ್ಯಾಪಲ್ಲಿ ಬಲಗಡೆ ಇದ್ಯಲ್ಲ?" ಅಂದರು.

ನಾರ್ತ್ ಅಪ್‌ನ ಇಡೀ ತೊಂದರೆ ಆ ಪ್ರಶ್ನೆಯಲ್ಲೇ ಇದೆ. ನಂಜನಗೂಡು ಮೈಸೂರಿನ ದಕ್ಷಿಣಕ್ಕಿದೆ. ದಕ್ಷಿಣಕ್ಕೆ ಹೋಗುವಾಗ ನಿಮ್ಮ ಎಡಗೈ ಪೂರ್ವಕ್ಕಿರುತ್ತದೆ. ಮ್ಯಾಪ್‌ನಲ್ಲಿ ಪೂರ್ವ ಯಾವಾಗಲೂ ಬಲಕ್ಕೆ. ಹಾಗಾಗಿ ಬಾಣ ಸ್ಕ್ರೀನಿನಲ್ಲಿ ಕೆಳಮುಖವಾಗಿ ಇಳಿಯುತ್ತದೆ, ಎಡಕ್ಕೆ ತಿರುಗಬೇಕಾದ ರಸ್ತೆ ಬಲಕ್ಕೆ ಕಾಣುತ್ತದೆ. ಇಂಡಿಕೇಟರ್ ಹಾಕುವ ಮುಂಚೆ ತಲೆಯಲ್ಲೇ ಒಂದು ಸಲ ಮ್ಯಾಪನ್ನು ತಿರುಗಿಸಿಕೊಳ್ಳಬೇಕು. ಖಾಲಿ ರಸ್ತೆಯಲ್ಲಾದರೆ ಪರವಾಗಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಈ ಲೆಕ್ಕ ಮಾಡಿಕೊಂಡು ಕೂರಕ್ಕಾಗಲ್ಲ.

ಹಾಗಂತ ನಾರ್ತ್ ಅಪ್ ದಂಡ ಅನ್ನಬೇಡಿ. ಊರು ತಲೆಯಲ್ಲಿ ಕೂರಬೇಕು ಅಂದರೆ ಇದೇ ಬೇಕು. ಮ್ಯಾಪ್ ಅಲುಗಾಡದೆ ಒಂದೇ ಥರ ಇದ್ದರೆ, ಅರಮನೆ ನಡುವೆ, ಹುಣಸೂರು ಪಶ್ಚಿಮಕ್ಕೆ, ಕೆಆರ್‌ಎಸ್ ವಾಯವ್ಯಕ್ಕೆ, ಬೆಂಗಳೂರು ಈಶಾನ್ಯಕ್ಕೆ ಅಂತ ತಾನಾಗಿಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ವಿಮಾನದ ಕಾಕ್‌ಪಿಟ್ ಮ್ಯಾಪ್‌ಗಳ ಬಗ್ಗೆ ನಡೆದ ಸಂಶೋಧನೆಗಳಲ್ಲೂ ಹೀಗೇ ಕಂಡುಬಂದಿದೆ. ಈಗ ಯಾವ ಕಡೆ ತಿರುಗಬೇಕು ಅನ್ನುವುದಕ್ಕೆ ತಿರುಗುವ ಮ್ಯಾಪ್ ಮೇಲು, ಜಾಗದ ಒಟ್ಟು ಚಿತ್ರ ಕಲಿಯುವುದಕ್ಕೆ ನಿಂತ ಮ್ಯಾಪ್ ಮೇಲು.

ಇದರ ಫರಕು ಚೆನ್ನಾಗಿ ಗೊತ್ತಾಗುವುದು ನಮ್ಮ ಹೊರ ವರ್ತುಲ ರಸ್ತೆಯಲ್ಲಿ. ಊರಿನ ಸುತ್ತ ಸುಮಾರು 42 ಕಿಲೋಮೀಟರ್ ರಿಂಗ್ ರೋಡ್. ಹೆಡಿಂಗ್ ಅಪ್‌ನಲ್ಲಿ ಅದರ ಮೇಲೆ ಹೋಗುತ್ತಿದ್ದರೆ ರಸ್ತೆ ಯಾವಾಗ ನೋಡಿದರೂ ನೇರವಾಗಿ ಮೇಲಕ್ಕೇ ಹೋಗುತ್ತಿರುವ ಹಾಗೆ ಕಾಣುತ್ತದೆ. ಅರ್ಧ ಸುತ್ತು ಹಾಕುವಷ್ಟರಲ್ಲಿ ಕಾರಿನ ಮುಖ ಪೂರ್ತಿ ತಿರುಗಿ ಹೋಗಿರುತ್ತದೆ. ಮೆಲ್ಲಗೆ ತಿರುಗಿದ್ದರಿಂದ ನಮಗೆ ಗೊತ್ತೇ ಆಗಿರುವುದಿಲ್ಲ. ಹೆಬ್ಬಾಳದ ಕಡೆಯಿಂದ ಹೊರಟವರು ನಂಜನಗೂಡು ರಸ್ತೆಯ ಹತ್ತಿರ ಬಂದು, ಊರು ಯಾವ ಕಡೆಗಿದೆ ಅಂತ ಕೇಳಿದರೆ ತಡಬಡಾಯಿಸುವುದು ಇದಕ್ಕೇ. ಮೈಸೂರಿಗೆ ಹೊಸದಾಗಿ ಬಂದವರು ರಿಂಗ್ ರೋಡಿನಲ್ಲಿ ಹೋಗುವಾಗಲಾದರೂ ನಾರ್ತ್ ಅಪ್ ಹಾಕಿ ನೋಡಿ. ಅಲ್ಲಿ ತಿರುವುಗಳು ಕಡಿಮೆ, ತಲೆಗೆ ಪುರುಸೊತ್ತು ಇರುತ್ತದೆ.

ನಾರ್ತ್ ಅಪ್‌ಗೆ ಇನ್ನೊಂದು ಕೊರತೆ ಇದೆ. ಕಾರು ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಲ್ಲ, ಅದಕ್ಕೆ ಬಾಣವನ್ನು ಸ್ಕ್ರೀನಿನ ನಟ್ಟನಡುವೆ ಇಡಬೇಕಾಗುತ್ತದೆ. ಅರ್ಧ ಸ್ಕ್ರೀನು ಹಿಂದೆ ಬಿಟ್ಟು ಬಂದ ರಸ್ತೆಗೇ ಹೋಗುತ್ತದೆ. ದುಡ್ಡು ಕೊಟ್ಟು ದೊಡ್ಡ ಸ್ಕ್ರೀನಿನ ಮಾಡೆಲ್ ತಗೊಂಡವರಿಗೆ ಹೊಟ್ಟೆ ಉರಿಯುವ ವಿಷಯ.

ಹೋಗುವ ದಿಕ್ಕು ಮೇಲಿದ್ದರೆ

ಹೆಡಿಂಗ್ ಅಪ್‌ನಲ್ಲಿ ಬಾಣ ಸ್ಕ್ರೀನಿನ ಕೆಳಭಾಗದಲ್ಲಿ ನಿಲ್ಲುತ್ತದೆ. ಮೇಲಿನ ಜಾಗವೆಲ್ಲ ಮುಂದಿನ ರಸ್ತೆಗೆ. ಎಡಕ್ಕೆ ಕಂಡದ್ದು ಎಡಕ್ಕೇ ಇರುತ್ತದೆ, ಬಲಕ್ಕೆ ಕಂಡದ್ದು ಬಲಕ್ಕೇ. ಇದೇನೂ ಈಚಿನ ಉಪಾಯ ಅಲ್ಲ. 1985ರಲ್ಲಿ ಅಮೆರಿಕದಲ್ಲಿ ಬಂದ ಇಟಾಕ್ ಅನ್ನುವ ಸಾಧನ ಕ್ಯಾಸೆಟ್‌ನಲ್ಲಿ ಮ್ಯಾಪ್ ಇಟ್ಟುಕೊಂಡು, ಹಸಿರು ಗೆರೆಗಳ ಸಣ್ಣ ಪರದೆಯ ಮೇಲೆ ಹೀಗೇ ಕಾರನ್ನು ನಿಲ್ಲಿಸಿ ಊರನ್ನು ತಿರುಗಿಸುತ್ತಿತ್ತು. ಆಗ ಕಾರುಗಳಿಗೆ ಜಿಪಿಎಸ್ ಬಂದೇ ಇರಲಿಲ್ಲ. ಚಕ್ರ ಎಷ್ಟು ಉರುಳಿತು, ದಿಕ್ಸೂಚಿ ಏನು ಹೇಳುತ್ತದೆ ಅನ್ನುವುದರ ಲೆಕ್ಕದಲ್ಲೇ ಅದು ನಡೆಯುತ್ತಿತ್ತು.

ಕುವೆಂಪುನಗರ, ವಿಜಯನಗರದಂಥ ಬಡಾವಣೆಗಳಲ್ಲಿ ಈ ನೋಟಕ್ಕೆ ಸಾಟಿ ಇಲ್ಲ. ಒಂದಾದ ಮೇಲೊಂದು ಕ್ರಾಸು, ಎಲ್ಲವೂ ಒಂದೇ ಥರ ಕಾಣುತ್ತವೆ. "ಎಡಕ್ಕೆ ತಿರುಗಿ" ಅಂತ ಹೇಳಿದಾಗ ಈ ಕ್ರಾಸಾ, ಮುಂದಿನದಾ? ಚಪ್ಪಟೆ ಮ್ಯಾಪ್‌ನಲ್ಲಿ ಕ್ರಾಸುಗಳ ನಡುವಿನ ಅಂತರ ಇದ್ದ ಹಾಗೇ ಕಾಣುತ್ತದೆ. ಎಣಿಸಿಕೊಂಡು ಹೋಗಬಹುದು. ತ್ರೀಡಿಯಲ್ಲಿ ಹತ್ತಿರದ ಕ್ರಾಸು ಅಗಲವಾಗಿ, ಅದರ ಮುಂದಿನವು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ಮೂರನೆಯದೋ ನಾಲ್ಕನೆಯದೋ ಗೊತ್ತಾಗುವಷ್ಟರಲ್ಲಿ ದಾಟಿ ಹೋಗಿರುತ್ತೀರಿ.

ಆದರೆ ಮೈಸೂರು ಅಂದರೆ ಸರ್ಕಲ್ಲು. ಹೆಡಿಂಗ್ ಅಪ್ ನಿಜವಾಗಿ ಪೇಚಿಗೆ ಸಿಕ್ಕಿಕೊಳ್ಳುವುದು ಅಲ್ಲೇ. ಕೆ.ಆರ್. ಸರ್ಕಲ್, ಹಾರ್ಡಿಂಜ್ ಸರ್ಕಲ್ ಥರದ ಜಾಗದಲ್ಲಿ ಏನಾಗುತ್ತದೆ ನೋಡಿ. ನೀವು ಸರ್ಕಲ್ ಸುತ್ತಲು ಶುರು ಮಾಡುತ್ತೀರಿ. ಕಾರು ಬಲಕ್ಕೆ ಬಾಗುತ್ತಾ ಹೋದಂತೆ ಮ್ಯಾಪ್ ಎಡಕ್ಕೆ ತಿರುಗುತ್ತಾ ಹೋಗುತ್ತದೆ. ಫೋನು ತಾನೆಲ್ಲಿದ್ದೇನೆ ಅಂತ ಸಾಮಾನ್ಯವಾಗಿ ಸೆಕೆಂಡಿಗೊಂದು ಸಲ ನೋಡಿಕೊಳ್ಳುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೂ ಆ ಒಂದು ಸೆಕೆಂಡಿನಲ್ಲಿ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಸ್ಕ್ರೀನಿನಲ್ಲಿ ಕಾಣುವುದು ಈಗಿನ ಸರ್ಕಲ್ಲಲ್ಲ, ಸ್ವಲ್ಪ ಹಿಂದಿನದು. ಅದನ್ನು ನಂಬಿ ತಿರುಗಿದರೆ ಒಂದು ರಸ್ತೆ ಆಚೆಗೆ ಹೋಗಿಬಿಡುತ್ತೀರಿ. ಅರಮನೆ ಸುತ್ತಮುತ್ತ ಒನ್ ವೇ ರಸ್ತೆಗಳೂ ಇವೆ, ತಪ್ಪಿದರೆ ತಕ್ಷಣ ಹಿಂದಿರುಗುವ ಹಾಗಿಲ್ಲ.

ಇದಕ್ಕೆ ಇರುವ ದಾರಿ ಒಂದೇ. ಸರ್ಕಲ್ಲಿಗೆ ಇಳಿಯುವ ಮುಂಚೆಯೇ ಒಂದು ಸಲ ಸ್ಕ್ರೀನ್ ನೋಡಿ, ಎಡದಿಂದ ಎಷ್ಟನೆಯ ರಸ್ತೆ ಅಂತ ಎಣಿಸಿಕೊಳ್ಳಿ. ಆಮೇಲೆ ಸ್ಕ್ರೀನ್ ಕಡೆ ತಿರುಗಿಯೂ ನೋಡಬೇಡಿ. ಈ ಒಂದು ನೋಟಕ್ಕೆ ಚಪ್ಪಟೆ ಮ್ಯಾಪೇ ಬೇಕು. ಅದರಲ್ಲಿ ಸರ್ಕಲ್ ದುಂಡಗೆ ಕಾಣುತ್ತದೆ, ಆಚೆ ಬದಿಯ ರಸ್ತೆಗಳೂ ಸರಿಯಾಗಿ ಕಾಣುತ್ತವೆ. ತ್ರೀಡಿಯಲ್ಲಿ ಅದು ಮೊಟ್ಟೆಯಾಕಾರ ಆಗಿ, ಆಚೆ ಬದಿಯವು ಸೊರಗಿ ಹೋಗಿರುತ್ತವೆ. ನಮಗೆ ಬೇಕಾದ ರಸ್ತೆ ಆಚೆ ಬದಿಯಲ್ಲೇ ಇರುತ್ತದೆ ಅನ್ನುವುದು ಬೇರೆ ಮಾತು.

ಹೆಡಿಂಗ್ ಅಪ್ ಹಾಕಿದವರು ಹೊರಡುವಾಗ ಒಂದು ವಿಚಿತ್ರ ನೋಡಿರುತ್ತೀರಿ. ಪಾರ್ಕಿಂಗ್‌ನಲ್ಲಿ ನಿಂತಾಗ ಮ್ಯಾಪ್ ಸುಮ್ನೆ ಗಿರಗಿರ ತಿರುಗುತ್ತದೆ, ಇಲ್ಲವೇ ನಮ್ಮ ಮುಖ ಇರುವ ದಿಕ್ಕಿಗೆ ವಿರುದ್ಧ ತೋರಿಸುತ್ತದೆ. ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆಯೇ ಹೊರತು ಯಾವ ಕಡೆ ಮುಖ ಮಾಡಿದ್ದೀರಿ ಅಂತ ಹೇಳಲ್ಲ. ಗಾಡಿ ಚಲಿಸಿದ ಮೇಲೆ, ಅಲ್ಲಿಂದ ಇಲ್ಲಿಗೆ ಬಂದೆ ಅಂತ ಲೆಕ್ಕ ಹಾಕಿ ದಿಕ್ಕು ಗೊತ್ತುಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಫೋನು ತನ್ನೊಳಗಿನ ದಿಕ್ಸೂಚಿಯನ್ನು ನಂಬಿಕೊಂಡಿರುತ್ತದೆ. ನಾವೋ ಅದನ್ನು ಮ್ಯಾಗ್ನೆಟ್ ಇರುವ ಹೋಲ್ಡರ್‌ಗೆ ಅಂಟಿಸಿರುತ್ತೇವೆ! ದಿಕ್ಸೂಚಿಯ ಪಕ್ಕ ಅಯಸ್ಕಾಂತ ಇಟ್ಟರೆ ಅದಾದರೂ ಏನು ಮಾಡೀತು? ಕ್ಲಿಪ್ ಇರುವ ಹೋಲ್ಡರ್ ತಗೊಳ್ಳಿ, ಇಲ್ಲವೇ ಮೊದಲ ತಿರುವಿನವರೆಗೆ ಮ್ಯಾಪ್ ಮಾತು ಕೇಳಬೇಡಿ. ಕಾರಿನೊಳಗೇ ಬಂದಿರುವ ನ್ಯಾವಿಗೇಷನ್‌ಗೆ ಚಕ್ರದ ವೇಗ, ತಿರುಗುವಿಕೆ ಅಳೆಯುವ ಸೆನ್ಸರ್‌ಗಳ ಸಹಾಯ ಸಿಗುವುದರಿಂದ ಈ ಕಾಟ ಕಡಿಮೆ.

ತ್ರೀಡಿ, ಅದರಲ್ಲೂ ಎಕ್ಸ್‌ಪ್ರೆಸ್‌ವೇಗೆ

ತ್ರೀಡಿ ಅಂದರೆ ಶೋಕಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಟ್ಟಡಗಳನ್ನು ಎಬ್ಬಿಸಿ ನಿಲ್ಲಿಸುವ ಆಯ್ಕೆ ಶೋಕಿಯೇ, ಅದನ್ನು ಆಫ್ ಮಾಡಿ. ಆದರೆ ಮ್ಯಾಪನ್ನು ವಾಲಿಸುವುದರಲ್ಲಿ ಒಂದು ಲಾಭ ಇದೆ. ಅದು ನಿಮ್ಮ ಸ್ಕ್ರೀನಿನ ಆಕಾರಕ್ಕೆ ಸಂಬಂಧಿಸಿದ್ದು.

ಫೋನನ್ನು ನೆಟ್ಟಗೆ ನಿಲ್ಲಿಸಿದರೆ ಸ್ಕ್ರೀನು ಉದ್ದಕ್ಕಿರುತ್ತದೆ. ಮುಂದಿನ ರಸ್ತೆಗೆ ಬೇಕಾದಷ್ಟು ಜಾಗ. ಅದರಲ್ಲಿ ಟೂಡಿ ಹೆಡಿಂಗ್ ಅಪ್ ಚೆನ್ನಾಗಿ ಕೂರುತ್ತದೆ. ಕಾರಿನ ಸ್ಕ್ರೀನು ಹೆಚ್ಚಾಗಿ ಅಡ್ಡಕ್ಕಿರುತ್ತದೆ. ಅಗಲ ಜಾಸ್ತಿ, ಎತ್ತರ ಕಡಿಮೆ. ಅಲ್ಲಿ ಅದೇ ನೋಟ ಹಾಕಿದರೆ ಎಡಕ್ಕೆ ಬಲಕ್ಕೆ ಹೊಲಗದ್ದೆ ಎಲ್ಲ ಕಾಣುತ್ತದೆ, ಮುಂದಿನ ರಸ್ತೆ ಮಾತ್ರ ಒಂದು ಗೇಣು. ವಾಲಿಸಿದಾಗ ದೂರದ್ದು ಚಿಕ್ಕದಾಗಿ, ಅದೇ ಎತ್ತರದಲ್ಲಿ ಹೆಚ್ಚು ದೂರದ ರಸ್ತೆ ಹಿಡಿಸುತ್ತದೆ. ನನ್ನ ಮಟ್ಟಿಗೆ ಟೂಡಿ–ತ್ರೀಡಿ ಜಗಳದಲ್ಲಿ ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಹೇಳುವುದಕ್ಕೆ ಇದೇ ಕಾರಣ. ಒಬ್ಬರು ಫೋನ್ ನೋಡಿ ಹೇಳುತ್ತಿರುತ್ತಾರೆ, ಇನ್ನೊಬ್ಬರು ಡ್ಯಾಶ್‌ಬೋರ್ಡ್ ನೋಡಿ.

ಈಗ ಬೆಂಗಳೂರು ರಸ್ತೆಗೆ ಬನ್ನಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಾರಿ ಸುಮಾರು 118 ಕಿಲೋಮೀಟರ್. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಮೇನ್ ರಸ್ತೆಯ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಓಡುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಸ್ಕ್ರೀನಿನ ಕಡೆ ಒಂದು ಸಲ ಕಣ್ಣು ಹಾಯಿಸುವುದು ಎರಡು ಸೆಕೆಂಡು ಮೀರಬಾರದು ಅಂತಿದೆ. ನಮ್ಮ ಎಕ್ಸ್‌ಪ್ರೆಸ್‌ವೇನಲ್ಲಿ ಎರಡು ಸೆಕೆಂಡು ಅಂದರೆ 55 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಲೆಕ್ಕ. ಇಲ್ಲಿ ಸಣ್ಣ ವಿವರ ಓದುತ್ತಾ ಕೂರುವ ನೋಟ ಬೇಡವೇ ಬೇಡ. ರಸ್ತೆ ಮುಂದೆ ಯಾವ ಕಡೆ ವಾಲುತ್ತದೆ, ಎಕ್ಸಿಟ್ ಇನ್ನೂ ಎಷ್ಟು ದೂರ ಅನ್ನುವುದು ಒಂದೇ ಓರೆನೋಟಕ್ಕೆ ಸಿಗಬೇಕು. ಅದಕ್ಕೆ ತ್ರೀಡಿ ಸರಿ. ಆಟೋ ಜೂಮ್ ಆನ್ ಇರಲಿ. ವೇಗ ಹೆಚ್ಚಾದಾಗ ಮ್ಯಾಪ್ ತಾನಾಗಿಯೇ ದೂರಕ್ಕೆ ಹೋಗುತ್ತದೆ, ತಿರುವು ಬಂದಾಗ ಹತ್ತಿರಕ್ಕೆ ಬರುತ್ತದೆ.

ಇಷ್ಟಾದರೂ ಒಂದು ವಿಷಯದಲ್ಲಿ ಟೂಡಿಯೂ ಕೈಕೊಡುತ್ತದೆ, ತ್ರೀಡಿಯೂ ಕೈಕೊಡುತ್ತದೆ. ನೀವು ಮೇನ್ ರಸ್ತೆಯಲ್ಲಿದ್ದೀರೋ ಸರ್ವಿಸ್ ರಸ್ತೆಯಲ್ಲಿದ್ದೀರೋ ಅನ್ನುವುದು. ಬಯಲಿನಲ್ಲೂ ಫೋನಿನ ಜಿಪಿಎಸ್‌ಗೆ ಐದು ಮೀಟರಿನಷ್ಟು ಆಚೀಚೆ ಆಗುವುದು ಮಾಮೂಲು. ಅಕ್ಕಪಕ್ಕದ ಎರಡು ರಸ್ತೆಗಳಲ್ಲಿ ಬಾಣ ಯಾವುದರ ಮೇಲೆ ಬೇಕಾದರೂ ಕೂರಬಹುದು. ಫ್ಲೈಓವರ್ ಆದರೆ ಇನ್ನೂ ಕಷ್ಟ, ಮೇಲಿನದೂ ಕೆಳಗಿನದೂ ಮ್ಯಾಪ್‌ನಲ್ಲಿ ಒಂದೇ ಜಾಗ. ಮದ್ದೂರಿನಲ್ಲಿ ಇಳಿದು ಬಿಸಿ ವಡೆ ತಿನ್ನಬೇಕು ಅಂತ ಹೊರಟವರು ಊರಿನ ಮೇಲೇ ಹಾರಿ ಹೋಗುವುದು ಹೀಗೆ. ಮೇನ್ ರಸ್ತೆಯಿಂದ ಎಲ್ಲೆಂದರಲ್ಲಿ ಇಳಿಯಕ್ಕಾಗಲ್ಲ. ಒಂದು ಎಕ್ಸಿಟ್ ತಪ್ಪಿದರೆ ಮುಂದಿನದು ಬರುವವರೆಗೆ ವಡೆ ಆಸೆ ಬಿಟ್ಟು ಸುಮ್ನೆ ಹೋಗುತ್ತಿರಬೇಕು. ಮಂಡ್ಯ ಊರೊಳಗೆ, ಶ್ರೀರಂಗಪಟ್ಟಣದೊಳಗೆ ಹೋಗಬೇಕಾದವರಿಗೂ ಇದೇ ಮಾತು, ಎರಡಕ್ಕೂ ಬೈಪಾಸ್ ಆಗಿದೆ.

ಇಂಥ ಕಡೆ ಜಂಕ್ಷನ್ ವ್ಯೂ ಇರುವ ಆ್ಯಪ್ ಕೆಲಸಕ್ಕೆ ಬರುತ್ತದೆ. ಎಕ್ಸಿಟ್ ಹತ್ತಿರ ಬಂದಾಗ ರಸ್ತೆ ಸೀಳುವ ಜಾಗದ ದೊಡ್ಡ ಚಿತ್ರ ಬಂದು, ಯಾವ ಲೇನ್ ಹಿಡಿಯಬೇಕು ಅಂತ ಬಾಣ ಹಾಕಿ ತೋರಿಸುತ್ತದೆ. ನಮ್ಮ ದೇಶದ ಮ್ಯಾಪಲ್ಸ್‌ನಲ್ಲಿ ಇದಿದೆ. ಗೂಗಲ್ ಮ್ಯಾಪ್ಸ್ ಕೂಡ 2024ರಿಂದ ಭಾರತದಲ್ಲಿ ಫ್ಲೈಓವರ್ ಹತ್ತಬೇಕೋ ಬೇಡವೋ ಅಂತ ಮುಂಚಿತವಾಗಿ ಹೇಳಲು ಶುರು ಮಾಡಿದೆ, ಆದರೆ ಎಲ್ಲ ಊರಿಗೂ ಅಲ್ಲ. ಏನೇ ಇರಲಿ, ಹಸಿರು ಬೋರ್ಡಿನಲ್ಲಿ ಮದ್ದೂರು ಅಂತ ಬರೆದಿದ್ದರೆ ಬೋರ್ಡಿನ ಮಾತೇ ಮೇಲು.

ಬೆಟ್ಟಕ್ಕೆ ಹತ್ತುವಾಗ? ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಯಾವ ನೋಟವಾದರೂ ಅಷ್ಟೆ. ಬೆಟ್ಟದ ರಸ್ತೆ ಹಿಡಿದ ಮೇಲೆ ಸ್ಕ್ರೀನ್ ನೋಡುವ ಕೆಲಸವೇ ಇಲ್ಲ. ಮಂಗಗಳನ್ನು ನೋಡಿಕೊಂಡು ಹೋಗಿ.

ಮಂಡ್ಯದ ನಾಲೆ ರಸ್ತೆಗಳು

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆಲ್ಲ ಹರಡಿಕೊಂಡಿದೆ. ನಾಲೆ ಏರಿಯ ಮೇಲೇ ರಸ್ತೆ ಇರುವ ಜಾಗಗಳು ಬಹಳ. ಕೆಲವು ಕಡೆ ತಡೆಗೋಡೆ ಇರುವುದಿಲ್ಲ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಬದಿಗೆ ಸರಿಯಲೂ ಜಾಗ ಇರುವುದಿಲ್ಲ. ಇಲ್ಲಿ ಕಾರು, ಬಸ್ಸುಗಳು ನಾಲೆಗೆ ಬಿದ್ದು ಜೀವ ಹೋದ ಘಟನೆಗಳು ಈ ಜಿಲ್ಲೆಯವರಿಗೆ ಗೊತ್ತೇ ಇವೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಬಿದ್ದು 30 ಜನ ತೀರಿಕೊಂಡರು.

ಮ್ಯಾಪ್‌ಗೆ ರಸ್ತೆಯ ಅಗಲ, ತಡೆಗೋಡೆ ಇದ್ಯಾ ಇಲ್ವಾ ಅನ್ನುವುದೆಲ್ಲ ಅಷ್ಟಾಗಿ ಗೊತ್ತಿಲ್ಲ. ಎರಡು ನಿಮಿಷ ಉಳಿಯುತ್ತದೆ ಅಂದರೆ ನಾಲೆ ಏರಿಯ ಮೇಲೇ ಕಳಿಸುತ್ತದೆ. ಹಾಗಾಗಿ ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದ ತಕ್ಷಣ ತ್ರೀಡಿ ಬಿಟ್ಟು ಟೂಡಿಗೆ ಬನ್ನಿ, ಒಂಚೂರು ಜೂಮ್ ಮಾಡಿ. ರಸ್ತೆಯ ಗೆರೆಯ ಮಗ್ಗುಲಲ್ಲೇ ಒಂದು ನೀಲಿ ಗೆರೆ ಬಿಡದೆ ಬರುತ್ತಿದ್ದರೆ ಅದು ನಾಲೆ. ನೀಲಿ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಕೊಳ್ಳಿ. ಎಡಕ್ಕಿದ್ದರೆ ಎದುರಿನ ಗಾಡಿಗೆ ದಾರಿ ಬಿಡಲು ನೀವು ಸರಿಯಬೇಕಾದ ಕಡೆಯೇ ನೀರಿದೆ ಅಂತ ಅರ್ಥ. ಇದು ತ್ರೀಡಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ರಸ್ತೆಗೂ ನೀಲಿಗೂ ನಡುವಿನ ಅಂತರ ದೂರ ಹೋದಂತೆ ಕರಗಿಬಿಡುತ್ತದೆ.

ರಾತ್ರಿ ಇನ್ನೊಂದು ತೊಡಕು. ಡಾರ್ಕ್ ಮೋಡ್‌ನಲ್ಲಿ ನೀರನ್ನು ಕಪ್ಪುಗಟ್ಟಿದ ನೀಲಿಯಲ್ಲಿ ತೋರಿಸುತ್ತಾರೆ. ನೆಲದ ಬಣ್ಣವೂ ಹೆಚ್ಚುಕಡಿಮೆ ಅದೇ. ಹಗಲು ಎದ್ದು ಕಾಣುವ ನಾಲೆ ರಾತ್ರಿ ಬೇಕಾದಾಗಲೇ ಕಾಣುವುದಿಲ್ಲ. ಗೊತ್ತಿಲ್ಲದ ಊರಿಗೆ ರಾತ್ರಿ ಹೋಗುತ್ತಿದ್ದರೆ ನಾಲೆ ಸೀಮೆಯಲ್ಲಿ ಡೇ ಮೋಡ್ ಇಟ್ಟು ಸ್ಕ್ರೀನಿನ ಬೆಳಕು ಕಡಿಮೆ ಮಾಡಿಕೊಳ್ಳಿ. ಇಲ್ಲವೇ ದಾರಿ ಸುತ್ತಾದರೂ ಪರವಾಗಿಲ್ಲ ಅಂತ ಟಾರ್ ರಸ್ತೆ ಹಿಡಿದು ಹೋಗಿ. ಸಣ್ಣ ತೂಬುಗಾಲುವೆಗಳು ಮ್ಯಾಪ್‌ನಲ್ಲಿ ಇರುವುದೇ ಇಲ್ಲ ಅನ್ನುವುದೂ ನೆನಪಿರಲಿ.

ಸ್ಯಾಟಲೈಟ್, ಓವರ್‌ವ್ಯೂ, ಇತರೆ

ಸ್ಯಾಟಲೈಟ್ ನೋಟ ಹಾಕಿಕೊಂಡು ಕಾರು ಓಡಿಸುವವರನ್ನು ನೋಡಿದರೆ ನನಗೆ ಆಶ್ಚರ್ಯ. ಕಬ್ಬಿನ ಗದ್ದೆ, ತೆಂಗಿನ ತೋಟದ ಹಸಿರಿನಲ್ಲಿ ರಸ್ತೆ ಹುಡುಕುವುದೇ ಕಷ್ಟ. ಡೇಟಾ ಜಾಸ್ತಿ ಎಳೆಯುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಟ್ಟುಕೊಂಡರೂ ಅದರಲ್ಲಿ ಸ್ಯಾಟಲೈಟ್ ಚಿತ್ರ ಇರುವುದಿಲ್ಲ.

ಮನೆಯಲ್ಲಿ ಕೂತು ನೋಡುವುದಕ್ಕೆ ಮಾತ್ರ ಇದು ಬಂಗಾರ. ಕೆ.ಆರ್. ಪೇಟೆ ಕಡೆಯ ಹಳ್ಳಿಯ ತೋಟದಲ್ಲಿ ಬೀಗರೂಟ ಇದೆ ಅಂತಿಟ್ಟುಕೊಳ್ಳಿ. ಕಳಿಸಿದ ಲೊಕೇಶನ್ ಎಷ್ಟೋ ಸಲ ಊರಿನ ನಡುವೆ ಪಿನ್ ಹಾಕಿರುತ್ತದೆ. ಸ್ಯಾಟಲೈಟ್‌ನಲ್ಲಿ ಹೆಂಚಿನ ಮನೆ, ಪಂಪ್‌ಹೌಸು, ಕಾರು ಹೋಗುವ ಗಾಡಿದಾರಿ ಎಲ್ಲಿಗೆ ಮುಗಿಯುತ್ತದೆ ಅನ್ನುವುದೆಲ್ಲ ಕಾಣುತ್ತದೆ. ಕರೆದವರಿಗೆ ಫೋನ್ ಮಾಡಿ, "ತೊಟ್ಟಿ ಪಕ್ಕದ ಮನೆ ತಾನೆ?" ಅಂತ ಖಚಿತ ಮಾಡಿಕೊಂಡು ಹೊರಟರೆ ಊಟದ ಹೊತ್ತಿಗೆ ತಲುಪಬಹುದು. ಚಿತ್ರ ಹಳೆಯದಿರಬಹುದು, ಹೊಸ ಬಡಾವಣೆಗಳ ಜಾಗದಲ್ಲಿ ಇನ್ನೂ ಹೊಲವೇ ಇರುತ್ತದೆ.

ಹೊರಡುವ ಮುಂಚೆ ಓವರ್‌ವ್ಯೂ ನೋಡುವ ಅಭ್ಯಾಸ ಒಳ್ಳೆಯದು. ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇ ಬದಲು ಬನ್ನೂರು, ಮಳವಳ್ಳಿ, ಕನಕಪುರದ ಮೇಲೆ ಕರೆದುಕೊಂಡು ಹೋಗುವ ಯೋಚನೆ ಅದಕ್ಕಿದ್ದರೆ ಆಗಲೇ ಗೊತ್ತಾಗುತ್ತದೆ. ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೊರಟವರು ಇಡೀ ದಾರಿ ನೋಡಿ, ಬಂಡೀಪುರದ ಚೆಕ್‌ಪೋಸ್ಟ್ ತಲುಪುವುದು ಎಷ್ಟು ಹೊತ್ತಿಗೆ ಅಂತ ಲೆಕ್ಕ ಹಾಕಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಬಿಡುವುದಿಲ್ಲ.

ದಸರಾ ಸಮಯದಲ್ಲಂತೂ ಟ್ರಾಫಿಕ್ ಬಣ್ಣಗಳನ್ನು ಹಾಕಿಕೊಂಡು, ದೂರದಿಂದ ನೋಡುವ ನಾರ್ತ್ ಅಪ್ ಓವರ್‌ವ್ಯೂ ಬಿಟ್ಟರೆ ಬೇರೆ ನೋಟಕ್ಕೆ ಬೆಲೆಯೇ ಇಲ್ಲ. ಜಂಬೂ ಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುವ ದಿನ ಆ ಸುತ್ತಿನ ರಸ್ತೆಗಳೆಲ್ಲ ಬಂದ್. ಬ್ಯಾರಿಕೇಡ್ ಹಾಕಿದ್ದು ಮ್ಯಾಪ್‌ಗೆ ತಕ್ಷಣ ಗೊತ್ತಾಗಲ್ಲ. ಅದು "ನೇರ ಹೋಗಿ" ಅನ್ನುತ್ತದೆ, ಪೊಲೀಸರು ಕೈ ಅಡ್ಡ ಹಿಡಿಯುತ್ತಾರೆ. ಕೆಂಪು ಬಣ್ಣ ಎಲ್ಲಿಂದ ಶುರುವಾಗಿದೆ ಅಂತ ನೋಡಿ, ಅದಕ್ಕೂ ಆಚೆ ಕಾರು ನಿಲ್ಲಿಸಿ ನಡೆದುಬಿಡಿ.

ಸ್ಪ್ಲಿಟ್ ಸ್ಕ್ರೀನ್, ಅಂದರೆ ಒಂದು ಕಡೆ ಮ್ಯಾಪ್, ಇನ್ನೊಂದು ಕಡೆ ಹಾಡು ಅಥವಾ ತಿರುವುಗಳ ಪಟ್ಟಿ, ಹತ್ತು ಇಂಚಿನ ಅಗಲ ಸ್ಕ್ರೀನಿಗೆ ಚೆಂದ. ಏಳು ಇಂಚಿನದರಲ್ಲಿ ಎರಡೂ ಕೆಡುತ್ತವೆ. ಸ್ಪೀಡೋಮೀಟರ್ ಪಕ್ಕದಲ್ಲೇ ಬಾಣ ಮತ್ತು ದೂರ ತೋರಿಸುವ ಸೌಲಭ್ಯ ಇದ್ದರೆ ಕಣ್ಣು ಮುಚ್ಚಿ ಆನ್ ಮಾಡಿ. ದಾರಿ ಅರ್ಧಂಬರ್ಧ ಗೊತ್ತಿರುವವರಿಗೆ ಅದೊಂದೇ ಸಾಕು, ದೊಡ್ಡ ಸ್ಕ್ರೀನ್ ನೋಡುವ ಅಗತ್ಯವೇ ಬರುವುದಿಲ್ಲ.

ಹಗಲು–ರಾತ್ರಿ ಬಣ್ಣವನ್ನು ಆಟೋಗೆ ಬಿಡುವುದೇ ಸರಿ, ನಾಲೆ ರಸ್ತೆಯೊಂದು ಬಿಟ್ಟು. ಸಂಜೆ ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ಮಾತ್ರ ಸೂರ್ಯ ಹೆಚ್ಚುಕಡಿಮೆ ಎದುರಿಗೇ ಇಳಿಯುತ್ತಿರುತ್ತಾನೆ. ಆಗ ಡಾರ್ಕ್ ಮೋಡ್ ಇದ್ದರೆ ಸ್ಕ್ರೀನು ಕನ್ನಡಿಯಾಗಿ ನಿಮ್ಮ ಮುಖವೇ ಕಾಣುತ್ತದೆ.

ಬದಲಾಯಿಸುವುದು ಹೇಗೆ

ನ್ಯಾವಿಗೇಷನ್ ನಡೆಯುತ್ತಿರುವಾಗ ಮ್ಯಾಪ್‌ನ ಬದಿಯಲ್ಲಿ ದಿಕ್ಸೂಚಿಯ ಸಣ್ಣ ಗುರುತು ಇರುತ್ತದೆ. ಅದನ್ನು ಒತ್ತಿದರೆ ನೋಟ ಬದಲಾಗುತ್ತದೆ. ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನಿಗೆ ತರುವ ಆಂಡ್ರಾಯ್ಡ್ ಆಟೋದಲ್ಲೂ ಹಾಗೇ. ಗೂಗಲ್ ಮ್ಯಾಪ್ಸ್‌ನಲ್ಲಿ ಉತ್ತರ ಯಾವಾಗಲೂ ಮೇಲಿರಲಿ ಅಂತ ಕಾಯಂ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನ ನ್ಯಾವಿಗೇಷನ್ ಭಾಗದಲ್ಲಿದೆ. ಕಾರಿನ ಸ್ವಂತ ನ್ಯಾವಿಗೇಷನ್ ಆದರೆ ಮ್ಯಾಪ್ ಮೇಲೆ ಒಂದು ಸಲ ತಟ್ಟಿದಾಗ ಗುಂಡಿಗಳು ಕಾಣಿಸಿಕೊಳ್ಳುತ್ತವೆ.

ಇದೆಲ್ಲ ಹ್ಯಾಂಡ್‌ಬ್ರೇಕ್ ಇಳಿಸುವ ಮುಂಚೆ ಆಗಬೇಕು. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮದ ಪ್ರಕಾರ ಓಡಿಸುವಾಗ ಫೋನ್ ಬಳಸಬಹುದಾದದ್ದು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ. ದಾರಿಯ ನಡುವೆ ಬದಲಾಯಿಸಲೇಬೇಕು ಅಂದರೆ ಪಕ್ಕದವರಿಗೆ ಹೇಳಿ. ಒಬ್ಬರೇ ಇದ್ದರೆ ಕನ್ನಡದ ಧ್ವನಿ ಹಾಕಿಕೊಳ್ಳಿ, ಗೂಗಲ್ ಮ್ಯಾಪ್ಸ್‌ನಲ್ಲಿ ಇದೆ. ಕೆಲವು ರಸ್ತೆ ಹೆಸರುಗಳನ್ನು ಅದು ಕೊಲೆ ಮಾಡುತ್ತದೆ, ಎಡ ಬಲ ಮಾತ್ರ ಸರಿಯಾಗಿ ಹೇಳುತ್ತದೆ.

ಮನೆಯಲ್ಲಿ ಒಂದೇ ಕಾರು, ಓಡಿಸುವವರು ಮೂರು ಜನ ಅಂದರೆ ಈ ವಿಷಯಕ್ಕೂ ಜಗಳ ಇದ್ದದ್ದೇ. ಡ್ರೈವರ್ ಪ್ರೊಫೈಲ್ ಇಡುವ ಸೌಲಭ್ಯ ಕಾರಿನಲ್ಲಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಮಾಡಿಬಿಡಿ, ಕೆಲವು ಕಾರುಗಳಲ್ಲಿ ಮ್ಯಾಪ್ ನೋಟವೂ ಅದರಲ್ಲಿ ನೆನಪಿರುತ್ತದೆ. ಇಲ್ಲದಿದ್ದರೆ ಕೀ ವಾಪಸ್ ಇಡುವ ಮುಂಚೆ ಟೂಡಿ ಹೆಡಿಂಗ್ ಅಪ್‌ಗೆ ತಂದಿಡಬೇಕು ಅಂತ ಒಂದು ಕರಾರು ಮಾಡಿಕೊಳ್ಳಿ.